ಜರ್ಮನ್ ಬಲ್ಲವರಿಗೆ ಸ್ಥಳೀಕರಣದಲ್ಲಿ ಕೆಲಸವಿದೆಯೇ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಬಿ1 ಪರೀಕ್ಷೆ ಪಾಸಾಗಿದ್ದೇನೆ. ಸಾಫ್ಟ್‌ವೇರ್, ಗೇಮ್, ಯಂತ್ರಗಳ ಕೈಪಿಡಿ ಇವನ್ನೆಲ್ಲ ಜರ್ಮನ್‌ಗೆ ಸ್ಥಳೀಕರಿಸುವ ಕೆಲಸವಿದೆ, ಸಂಬಳವೂ ಚೆನ್ನಾಗಿದೆ ಎನ್ನುತ್ತಾರೆ. ನಿಜವೇ? ಯಂತ್ರವೇ ಅನುವಾದ ಮಾಡುವ ಈ ಕಾಲದಲ್ಲಿ ಇದನ್ನು ನಂಬಿ ಮುಂದುವರಿಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ಕೆಲಸವಿದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ‘ಜರ್ಮನ್‌ಗೆ’ ಎಂದಿರುವುದನ್ನು ‘ಜರ್ಮನ್‌ನಿಂದ’ ಎಂದು ತಿದ್ದಿಕೊಳ್ಳಿ. ನಿಮ್ಮ ದಾರಿ ಅಲ್ಲಿಂದ ಶುರುವಾಗುತ್ತದೆ.

ಬೇರೆಯವರ ಭಾಷೆಯಿಂದ ಓದಿಕೊಂಡು ತನ್ನ ಭಾಷೆಯಲ್ಲಿ ಬರೆಯಬೇಕು ಎಂಬುದು ಅನುವಾದದ ವೃತ್ತಿಯಲ್ಲಿ ಬಹುಕಾಲದಿಂದ ಬಂದ ರೂಢಿ. ಮ್ಯೂನಿಕ್‌ನಲ್ಲಿ ಬ್ಯಾಂಕಿನ ಆ್ಯಪ್ ತೆರೆದವರಿಗೆ ಒಂದು ವಾಕ್ಯ ಎಡವಿದರೂ ತಕ್ಷಣ ಗೊತ್ತಾಗುತ್ತದೆ, ಆ ಬ್ಯಾಂಕಿನ ಮೇಲಿನ ನಂಬಿಕೆಯೂ ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಹಾಗಾಗಿ ಜರ್ಮನ್‌ನಲ್ಲಿ ಬರೆಯುವ ಕೆಲಸ ಸಾಮಾನ್ಯವಾಗಿ ಜರ್ಮನ್ ಮನೆಮಾತಿನವರಿಗೇ ಹೋಗುತ್ತದೆ. ಸಿ2 ಮುಗಿಸಿದ ನಮ್ಮವರಿಗೂ ಅಲ್ಲಿ ಪೈಪೋಟಿ ಕಷ್ಟ. ಜರ್ಮನ್‌ನಲ್ಲಿ ಹುಟ್ಟಿ ಇಂಗ್ಲಿಷಿಗೆ ಬರಬೇಕಾದ ಕಾಗದಗಳ ಮಾತು ಬೇರೆ. ಯಂತ್ರದ ಕೈಪಿಡಿ, ಪರೀಕ್ಷಾ ವರದಿ, ತಾಂತ್ರಿಕ ನಿಬಂಧನೆ, ಗ್ರಾಹಕರ ದೂರು, ಸಾಫ್ಟ್‌ವೇರಿನ ಬೇಡಿಕೆಪಟ್ಟಿ ಇವೆಲ್ಲ ಆ ಸಾಲಿನವು. ಇವನ್ನು ಓದಿ ಅರ್ಥ ಮಾಡಿಕೊಂಡು, ತಾಂತ್ರಿಕವಾಗಿ ನಿಖರವಾದ ಇಂಗ್ಲಿಷಿನಲ್ಲಿ ಬರೆಯಬಲ್ಲ ಎಲೆಕ್ಟ್ರಾನಿಕ್ಸ್ ಪದವೀಧರರಿಗೆ ಬೆಲೆ ಇದೆ. ಜರ್ಮನ್ ನಿಮ್ಮ ಓದುವ ಭಾಷೆಯಾಗಲಿ, ಬರೆಯುವ ಇಂಗ್ಲಿಷನ್ನು ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಹದಗೊಳಿಸಿ. ಭಾಷಾ ತರಗತಿಗಳು ಹೇಳಿಕೊಡದ ಸಂಗತಿ ಇದು.

ಇನ್ನು ಸ್ಥಳೀಕರಣ ಎಂದರೇನು ನೋಡೋಣ. ವಾಕ್ಯಗಳ ಅನುವಾದ ಅದರ ಒಂದು ಭಾಗ ಮಾತ್ರ. ಎಕ್ಸೆಲ್ ತೆಗೆದುಕೊಳ್ಳಿ. ಇಂಗ್ಲಿಷ್ ಆವೃತ್ತಿಯ ‘ಇಫ್’ ಎಂಬ ಸೂತ್ರ ಜರ್ಮನ್ ಎಕ್ಸೆಲ್‌ನಲ್ಲಿ ‘ವೆನ್’, ‘ವಿಲುಕಪ್’ ಅಲ್ಲಿ ‘ಎಸ್‌ಫೆರ್‌ವೈಸ್’. ನಾವು 1,234.56 ಎಂದು ಬರೆಯುವ ಸಂಖ್ಯೆಯನ್ನು ಜರ್ಮನರು 1.234,56 ಎಂದು ಬರೆಯುತ್ತಾರೆ. ಅಲ್ಪವಿರಾಮವು ದಶಮಾಂಶಕ್ಕೆ ಮೀಸಲಾದ್ದರಿಂದ ಸೂತ್ರದ ಭಾಗಗಳನ್ನು ಬೇರ್ಪಡಿಸಲು ಅಲ್ಲಿ ಅರ್ಧವಿರಾಮ ಬೇಕು. ಜರ್ಮನ್ ಎಲ್ಲ ಕಡೆ ಒಂದೇ ರೀತಿಯದೂ ಅಲ್ಲ. ಆಸ್ಟ್ರಿಯಾದಲ್ಲಿ ಜನವರಿಯ ಹೆಸರೇ ಬೇರೆ. ಜರ್ಮನಿಯವರು ‘ಎಸ್-ತ್ಸೆಟ್’ ಎಂಬ ವಿಶಿಷ್ಟ ಅಕ್ಷರ ಬಳಸುವಲ್ಲಿ ಸ್ವಿಟ್ಜರ್ಲೆಂಡಿನವರು ಎರಡು ‘ಎಸ್’ ಬರೆಯುತ್ತಾರೆ. ಒಂದೇ ಉತ್ಪನ್ನಕ್ಕೆ ಮೂರು ಜರ್ಮನ್ ಆವೃತ್ತಿಗಳು ಬೇಕಾಗುವುದುಂಟು.

ವ್ಯಾಕರಣ ನೇರವಾಗಿ ಪ್ರೋಗ್ರಾಮಿನೊಳಕ್ಕೇ ಕೈ ಹಾಕುತ್ತದೆ. ಕನ್ನಡದಲ್ಲಿ ‘ಹೊಸ’ ಎಂಬುದು ಫೋಲ್ಡರಿಗೂ ಫೈಲಿಗೂ ವಿಂಡೋಗೂ ಒಂದೇ. ಜರ್ಮನ್‌ನಲ್ಲಿ ಫೋಲ್ಡರ್ ಪುಲ್ಲಿಂಗ, ಫೈಲ್ ಸ್ತ್ರೀಲಿಂಗ, ವಿಂಡೋ ನಪುಂಸಕ. ಆದ್ದರಿಂದ ಅದೇ ವಿಶೇಷಣ ‘ನೊಯರ್’, ‘ನೊಯೆ’, ‘ನೊಯೆಸ್’ ಎಂದು ಮೂರು ರೂಪ ತಾಳುತ್ತದೆ. ‘ಹೊಸ’ ಎಂಬುದನ್ನು ಒಂದೇ ಸಲ ಬರೆದಿಟ್ಟು ಮುಂದೆ ಬೇಕಾದ ನಾಮಪದ ಅಂಟಿಸುವಂತೆ ಕೋಡ್ ಬರೆದಿದ್ದರೆ ಜರ್ಮನ್ ಆವೃತ್ತಿ ಮುರಿಯುತ್ತದೆ. ಉದ್ದನೆಯ ಜರ್ಮನ್ ಪದ ಬಟನ್ನಿನಲ್ಲಿ ಹಿಡಿಯದೆ ಅರ್ಧಕ್ಕೆ ತುಂಡಾಗುವುದು ಇನ್ನೊಂದು ನಿತ್ಯದ ತಲೆನೋವು. ಇಂಥವನ್ನು ಹಿಡಿಯುವವರು ಲೋಕಲೈಸೇಶನ್ ಎಂಜಿನಿಯರುಗಳು ಮತ್ತು ಟೆಸ್ಟರುಗಳು. ಆ ಕೆಲಸಕ್ಕೆ ಜರ್ಮನ್ ಮನೆಮಾತಾಗಿರಬೇಕಿಲ್ಲ. ವ್ಯಾಕರಣದ ಅರಿವು, ಕೋಡ್ ಓದುವ ಅಭ್ಯಾಸ ಎರಡೂ ಇದ್ದರೆ ಸಾಕು. ನಿಮ್ಮಂಥವರಿಗೆ ಇದು ಎರಡನೆಯ ಬಾಗಿಲು.

ಭಾಷೆಯ ಜೊತೆಗೆ ಕಾನೂನೂ ಬರುತ್ತದೆ. ಜರ್ಮನ್ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಸಾರ್ವಜನಿಕ ಬಳಕೆಯನ್ನು ನಿಷೇಧಿಸುತ್ತದೆ. 2017ರಲ್ಲಿ ಬಂದ ‘ವೊಲ್ಫೆನ್‌ಸ್ಟೈನ್ 2’ ಗೇಮಿನ ಜರ್ಮನ್ ಆವೃತ್ತಿಯಲ್ಲಿ ಸ್ವಸ್ತಿಕ ಚಿಹ್ನೆಗಳನ್ನು ತೆಗೆದು, ಹಿಟ್ಲರನ ಮೀಸೆ ಅಳಿಸಿ, ಅವನಿಗೆ ಬೇರೆ ಹೆಸರಿಡಲಾಗಿತ್ತು. ಕಲೆ, ಇತಿಹಾಸ, ಸಂಶೋಧನೆಗಳಿಗೆ ಆ ಕಾನೂನಿನಲ್ಲಿರುವ ವಿನಾಯಿತಿಯನ್ನು ಗೇಮುಗಳಿಗೂ ಒಂದೊಂದಾಗಿ ಪರಿಶೀಲಿಸಿ ಕೊಡಬಹುದು ಎಂದು ಜರ್ಮನಿಯ ಗೇಮ್ ವರ್ಗೀಕರಣ ಸಂಸ್ಥೆ ಯುಎಸ್‌ಕೆ ಒಪ್ಪಿದ್ದು 2018ರ ಆಗಸ್ಟ್‌ನಲ್ಲಿ. ಸ್ಥಳೀಕರಣ ಮಾಡುವವರು ಆ ನಾಡಿನ ಚರಿತ್ರೆಯನ್ನೂ ಅದರ ನೋವನ್ನೂ ತಿಳಿದಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಬೇಡಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಕಾನೂನಿನಲ್ಲೇ ಉತ್ತರವಿದೆ. ಐರೋಪ್ಯ ಒಕ್ಕೂಟದ 2006ರ ಯಂತ್ರೋಪಕರಣ ನಿರ್ದೇಶನದ ಪ್ರಕಾರ, ಯಂತ್ರವನ್ನು ಯಾವ ದೇಶದಲ್ಲಿ ಮಾರುತ್ತೀರೋ ಆ ದೇಶದ ಅಧಿಕೃತ ಭಾಷೆಯಲ್ಲಿ ಅದರ ಕೈಪಿಡಿ ಇರಲೇಬೇಕು. ಅದು ಮೂಲವೋ ಅನುವಾದವೋ ಎಂಬುದನ್ನೂ ಅದರ ಮೇಲೆ ನಮೂದಿಸಬೇಕು. 2027ರ ಜನವರಿಯಿಂದ ಇದರ ಜಾಗಕ್ಕೆ ಹೊಸ ನಿಯಮಾವಳಿ ಬರುತ್ತದೆ, ಭಾಷೆಯ ಕಡ್ಡಾಯ ಅದರಲ್ಲೂ ಮುಂದುವರಿದಿದೆ. ಪೀಣ್ಯದ ಕಾರ್ಖಾನೆಯೊಂದು ಜರ್ಮನಿಗೆ ಯಂತ್ರ ಮಾರಬೇಕಾದರೆ ಜರ್ಮನ್ ಕೈಪಿಡಿ ಸಿದ್ಧವಾಗಬೇಕು. ಜರ್ಮನಿಯಿಂದ ಯಂತ್ರ ತರಿಸಿದರೆ ಅದರ ಕಾಗದಗಳನ್ನು ಇಲ್ಲಿಯ ಎಂಜಿನಿಯರುಗಳಿಗೆ ತಿಳಿಯುವಂತೆ ಮಾಡಬೇಕು. ಬೆಂಗಳೂರಿನಲ್ಲಿ ಬಾಷ್, ಸೀಮೆನ್ಸ್, ಮರ್ಸಿಡಿಸ್-ಬೆಂಜ್, ಎಸ್‌ಎಪಿಯಂಥ ಜರ್ಮನ್ ಮೂಲದ ಕಂಪನಿಗಳ ದೊಡ್ಡ ಕೇಂದ್ರಗಳಿವೆ. ಎಸ್‌ಎಪಿ ಲ್ಯಾಬ್ಸ್ ಬಂದದ್ದು 1998ರಲ್ಲಿ. ಇಂಥ ಕಡೆ ಹುದ್ದೆಯ ಹೆಸರಿನಲ್ಲಿ ‘ಸ್ಥಳೀಕರಣ’ ಇರಲೇಬೇಕೆಂದಿಲ್ಲ. ಹುಡುಕುವಾಗ ಟೆಕ್ನಿಕಲ್ ರೈಟರ್, ಲ್ಯಾಂಗ್ವೇಜ್ ಸ್ಪೆಷಲಿಸ್ಟ್, ಲೋಕಲೈಸೇಶನ್ ಪ್ರಾಜೆಕ್ಟ್ ಮ್ಯಾನೇಜರ್, ಟರ್ಮಿನಾಲಜಿಸ್ಟ್, ಲಿಂಗ್ವಿಸ್ಟಿಕ್ ಟೆಸ್ಟರ್ ಎಂಬ ಹೆಸರುಗಳನ್ನೂ ನೋಡಿ.

ಈಗ ಯಂತ್ರಾನುವಾದದ ಮಾತು. ಈ ವೃತ್ತಿಗೆ ಯಂತ್ರ ಹೊಸದಲ್ಲ. ಅನುವಾದಕರು ಇಂದಿಗೂ ಬಳಸುವ ಟ್ರಾಡೋಸ್ ತಂತ್ರಾಂಶದ ಕಂಪನಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದದ್ದು 1984ರಲ್ಲಿ. ಹಿಂದೆ ಅನುವಾದವಾದ ವಾಕ್ಯಗಳನ್ನು ನೆನಪಿಟ್ಟುಕೊಂಡು ಅಂಥದೇ ವಾಕ್ಯ ಮತ್ತೆ ಬಂದಾಗ ಮುಂದಿಡುವ ‘ಟ್ರಾನ್ಸ್‌ಲೇಶನ್ ಮೆಮರಿ’ ಬಂದಾಗಲೇ ಪುನರಾವರ್ತನೆಗೆ ಸಿಗುತ್ತಿದ್ದ ಹಣ ಇಳಿಯಿತು. 2017ರಲ್ಲಿ ಕಲೋನ್ ನಗರದಿಂದ ಡೀಪ್‌ಎಲ್ ಬಂತು. ಅದೇ ವರ್ಷ ಯಂತ್ರಾನುವಾದವನ್ನು ಮನುಷ್ಯರು ತಿದ್ದುವ ಕೆಲಸಕ್ಕೇ ಐಎಸ್‌ಒ 18587 ಎಂಬ ಮಾನದಂಡ ಪ್ರಕಟವಾಯಿತು. ಪದಕ್ಕಿಷ್ಟು ಎಂದು ಎಣಿಸಿಕೊಂಡು ಸಾಮಾನ್ಯ ಪತ್ರ, ಜಾಹೀರಾತು, ಸುದ್ದಿಗಳನ್ನು ಅನುವಾದಿಸುತ್ತ ಬದುಕುವುದು ಇನ್ನು ಮುಂದೆ ಕಷ್ಟ. ಇದನ್ನು ನಿಮ್ಮಿಂದ ಮುಚ್ಚಿಡಬಾರದು.

ಹೊಣೆ ಹೊರುವ ಕೆಲಸ ಮಾತ್ರ ಉಳಿಯುತ್ತದೆ. ಜರ್ಮನ್ ಕೈಪಿಡಿಗಳಲ್ಲಿ ಅಪಾಯ ಸೂಚಿಸಲು ‘ಗೆಫಾರ್’, ‘ವಾರ್ನುಂಗ್’, ‘ಫೋರ್ಜಿಷ್ಟ್’ ಎಂಬ ಮೂರು ಮಟ್ಟದ ಪದಗಳಿವೆ. ಮೊದಲನೆಯದು, ಎಚ್ಚರ ತಪ್ಪಿದರೆ ಸಾವು ಅಥವಾ ಭಾರಿ ಗಾಯ ಆಗುತ್ತದೆ ಎಂಬುದಕ್ಕೆ. ಎರಡನೆಯದು, ಹಾಗೆ ಆಗಬಹುದು ಎಂಬುದಕ್ಕೆ. ಮೂರನೆಯದು ಸಣ್ಣಪುಟ್ಟ ಗಾಯಕ್ಕೆ. ಇಂಗ್ಲಿಷಿನ ಡೇಂಜರ್, ವಾರ್ನಿಂಗ್, ಕಾಷನ್ ಇವುಗಳಿಗೆ ಅದೇ ಕ್ರಮದಲ್ಲಿ ಹೊಂದಬೇಕು. ಒಂದು ಮಟ್ಟ ಏರುಪೇರಾದರೆ ಓದಲು ವಾಕ್ಯ ಸೊಗಸಾಗಿಯೇ ಇರುತ್ತದೆ, ಯಂತ್ರದ ಮುಂದೆ ನಿಂತ ಕೆಲಸಗಾರನಿಗೆ ಮಾತ್ರ ತಪ್ಪು ಮಾಹಿತಿ ಹೋಗಿರುತ್ತದೆ. ಬೋಲ್ಟ್ ಬಿಗಿಮಾಡುವ ಅಳತೆ 2,5 ಎಂದಿರುವುದು 25 ಆಗಿ ಬಂದರೂ ಹಾಗೆಯೇ. ಯಂತ್ರ ಕೊಟ್ಟ ಸುಲಲಿತ ವಾಕ್ಯದಲ್ಲಿ ಅಡಗಿರುವ ಇಂಥ ತಪ್ಪನ್ನು ಹಿಡಿಯಲು ವಿಷಯ ಗೊತ್ತಿರಬೇಕು. ನಿಮ್ಮ ಎಲೆಕ್ಟ್ರಾನಿಕ್ಸ್ ಪದವಿ ಇಲ್ಲಿ ಕೆಲಸಕ್ಕೆ ಬರುತ್ತದೆ, ಅದನ್ನು ಬಿಡಬೇಡಿ.

ಮುಂದಿನ ಎರಡು ಮೂರು ವರ್ಷಗಳಿಗೆ ನನ್ನ ಸಲಹೆ ಹೀಗಿದೆ. ಬಿ1ಕ್ಕೆ ನಿಲ್ಲಬೇಡಿ. ಬಿ2 ಆದರೆ ಟೆಸ್ಟಿಂಗ್, ಪ್ರಾಜೆಕ್ಟ್ ನಿರ್ವಹಣೆಯಂಥ ಕೆಲಸಗಳಿಗೆ ಕೈ ಹಾಕಬಹುದು, ಅನುವಾದಕ್ಕೆ ಸಿ1 ಬೇಕು. ಒಂದು ಕ್ಷೇತ್ರ ಆಯ್ದುಕೊಳ್ಳಿ: ಅಳತೆಯ ಉಪಕರಣ, ವಾಹನದ ಎಲೆಕ್ಟ್ರಾನಿಕ್ಸ್, ವೈದ್ಯಕೀಯ ಸಾಧನ, ಯಾವುದಾದರೂ ಒಂದು. ಅದರ ಜರ್ಮನ್–ಇಂಗ್ಲಿಷ್ ಪದಪಟ್ಟಿಯನ್ನು ನೀವೇ ಕಟ್ಟುತ್ತ ಹೋಗಿ. ಟ್ರಾಡೋಸ್, ಮೆಮೊಕ್ಯೂ ದುಬಾರಿ ಎನಿಸಿದರೆ ಉಚಿತವಾದ ಒಮೆಗಾಟಿಯಲ್ಲಿ ಅಭ್ಯಾಸ ಮಾಡಿ.

ಕನ್ನಡವನ್ನೂ ಮರೆಯಬೇಡಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತರುತ್ತಾರೆ. ಅಲ್ಲಿ ನೀವು ಮನೆಮಾತಿಗೇ ಬರೆಯುತ್ತೀರಿ. ಬಹುವಚನ, ಬಟನ್ನಿನ ಜಾಗ, ವಾಕ್ಯದ ನಡುವೆ ಬರುವ ಕೋಡಿನ ತುಣುಕು ಎಂಬ ತೊಡಕುಗಳೆಲ್ಲ ಜರ್ಮನ್ ಕೆಲಸದಲ್ಲೂ ಎದುರಾಗುವಂಥವೇ. ಅಂತರರಾಷ್ಟ್ರೀಯ ಕಂಪನಿಗೆ ತೋರಿಸಲು ಸಾರ್ವಜನಿಕ ದಾಖಲೆಯೂ ಸಿಗುತ್ತದೆ.

ಈ ದಾಖಲೆಗೆ ಬೆಲೆ ಇರುವುದಕ್ಕೆ ಕಾರಣವಿದೆ. ಅನುವಾದ ಸೇವೆಯ ಐಎಸ್‌ಒ 17100 ಮಾನದಂಡದ ಪ್ರಕಾರ ಅನುವಾದಕರ ಅರ್ಹತೆಗೆ ಮೂರು ದಾರಿಗಳಿವೆ: ಅನುವಾದದಲ್ಲಿ ಪದವಿ, ಬೇರೆ ವಿಷಯದ ಪದವಿಯೊಂದಿಗೆ ಎರಡು ವರ್ಷ ಪೂರ್ಣಾವಧಿ ಅನುಭವ, ಅಥವಾ ಐದು ವರ್ಷ ಪೂರ್ಣಾವಧಿ ಅನುಭವ. ನಿಮ್ಮದು ಎರಡನೆಯ ದಾರಿ. ಮೊದಲ ಸಂಬಳದ ಕೆಲಸ ಸಿಗುವುದಕ್ಕೆ ಈ ಸ್ವಯಂಸೇವೆ ನೆರವಾಗುತ್ತದೆ, ಎರಡು ವರ್ಷಗಳ ಲೆಕ್ಕ ಆ ಕೆಲಸದಿಂದ ಶುರುವಾಗುತ್ತದೆ. ಅನುವಾದವನ್ನೇ ಓದಬೇಕೆಂದಿದ್ದರೆ ಜರ್ಮನಿಯಲ್ಲಿ ಗೆರ್ಮರ್ಸ್‌ಹೈಮ್, ಲೈಪ್‌ಜಿಗ್, ಹೈಡೆಲ್‌ಬರ್ಗ್‌ಗಳು ಹೆಸರುವಾಸಿ. ಹೈಡೆಲ್‌ಬರ್ಗ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ನಿಯಮ ನೋಡಿಕೊಳ್ಳಿ. ಭಾರತದಲ್ಲೇ ಆದರೆ ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಫ್ಲುಗಳಲ್ಲಿ ಜರ್ಮನ್ ಉನ್ನತ ಅಧ್ಯಯನವಿದೆ.

ಇಷ್ಟೆಲ್ಲ ಖರ್ಚು, ಶ್ರಮಕ್ಕೆ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಯಾವುದಾದರೂ ಜರ್ಮನ್ ಕಂಪನಿಯ ಉಪಕರಣದ ಕೈಪಿಡಿಯನ್ನು ಅವರ ಜಾಲತಾಣದಿಂದ ಜರ್ಮನ್, ಇಂಗ್ಲಿಷ್ ಎರಡರಲ್ಲೂ ಇಳಿಸಿಕೊಳ್ಳಿ. ಜರ್ಮನ್‌ನ ಎರಡು ಪುಟಗಳನ್ನು ಯಂತ್ರದ ಸಹಾಯವಿಲ್ಲದೆ ಇಂಗ್ಲಿಷಿಗೆ ತನ್ನಿ. ಆಮೇಲೆ ಅದನ್ನು ಕಂಪನಿಯ ಇಂಗ್ಲಿಷ್ ಕೈಪಿಡಿಯೊಂದಿಗೂ ಯಂತ್ರ ಕೊಡುವ ಅನುವಾದದೊಂದಿಗೂ ಸಾಲು ಸಾಲಾಗಿ ಹೋಲಿಸಿ. ಎಲ್ಲಿ ಬೇರೆಯಾಯಿತು, ಏಕೆ, ಯಾವುದು ಸರಿ ಎಂದು ಕಾರಣ ಸಮೇತ ಬರೆದಿಡಿ. ಹೀಗೆ ತಿಂಗಳಿಗೊಂದು ಕೈಪಿಡಿ ಮಾಡಿ. ಆ ಕಾರಣಗಳನ್ನು ಹುಡುಕುವುದರಲ್ಲಿ ನಿಮಗೆ ಸಂತೋಷ ಸಿಕ್ಕರೆ ಧೈರ್ಯವಾಗಿ ಮುಂದುವರಿಯಿರಿ, ಈ ವೃತ್ತಿಗೆ ಬೇಕಾದ ಮನಸ್ಸು ನಿಮ್ಮಲ್ಲಿದೆ. ಬೇಸರ ಬಂದರೂ ಕಲಿತ ಜರ್ಮನ್ ವ್ಯರ್ಥವಲ್ಲ. ಎಂಜಿನಿಯರಿಂಗ್, ಮಾರಾಟ, ಉನ್ನತ ಶಿಕ್ಷಣ ಎಲ್ಲೆಡೆ ಅದು ನಿಮ್ಮ ಕೈಹಿಡಿಯುತ್ತದೆ.