ಶಾಲೆ ಬಿಟ್ಟ ಮೇಲೆ ಅಡಿಗೆಯ ಪಾಠ

“ಹುಡುಗಿಯನ್ನು ಶಾಲೆಗೆ ಕಳುಹಿಸಿದ್ದು ಅಕ್ಷರ ಕಲಿಯಲಿಕ್ಕೆ, ಒಲೆಯ ಕೆಲಸ ಮನೆಯಲ್ಲಿ ಇದ್ದೇ ಇದೆ” ಎಂದು ಆಕ್ಷೇಪಿಸುವ ತಾಯಂದಿರುಂಟು. ಈ ಮಾತನ್ನು ತಾತ್ಸಾರ ಮಾಡಕೂಡದು. ಸಂಜೆಯ ಅಡಿಗೆಯ ಕೂಟವು ಮನೆಯ ದುಡಿಮೆಯನ್ನೇ ಎರಡನೆಯ ಸಲ ಮಾಡಿಸುವುದಾದರೆ ಅದು ವ್ಯರ್ಥವೇ ಸರಿ. ಆದರೆ ಮನೆಯಲ್ಲಿ ಮಗಳು ಹೇಳಿದಂತೆ ಮಾಡುವಳು. ಏಕೆ ಹಾಗೆ ಮಾಡಬೇಕೆಂದು ಕೇಳಲು ಆಕೆಗೂ, ವಿವರಿಸಲು ತಾಯಿಗೂ ಬಿಡುವಿರುವುದಿಲ್ಲ. ಆ “ಏಕೆ” ಎಂಬ ಪ್ರಶ್ನೆಗೆ ಉತ್ತರ ದೊರೆಯುವ ಸ್ಥಳವೇ ಅಡಿಗೆಯ ಕೂಟವಾಗಬೇಕು. ಗಂಡುಮಕ್ಕಳಿರುವ ಶಾಲೆಗಳಲ್ಲಿ ಅವರನ್ನೂ ಇದಕ್ಕೆ ಸೇರಿಸತಕ್ಕದ್ದು. ಹಸಿವು ಎಲ್ಲರಿಗೂ ಒಂದೇ ಅಲ್ಲವೇ?

ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳು ಮಳೆ ಬಲು ಕಡಿಮೆಯಾದ ಸೀಮೆ. ರಾಗಿ, ಜೋಳ, ನವಣೆ, ಸಾವೆ, ಹುರುಳಿ, ಶೇಂಗಾ, ಇವೇ ಇಲ್ಲಿನ ನೆಲ ಕೊಡುವ ಐಶ್ವರ್ಯ. ಈ ನೆಲದಲ್ಲಿ ಅಡಿಗೆಯು ಹೊಸ ವಿದ್ಯೆಯೂ ಅಲ್ಲ. 1947ರಲ್ಲಿ ವೀಲರ್ ಎಂಬ ವಿದ್ವಾಂಸರು ಬ್ರಹ್ಮಗಿರಿಯ ತಪ್ಪಲನ್ನು ಅಗೆಯಿಸಿದಾಗ, ನಯಮಾಡಿದ ಕಲ್ಲಿನ ಕೊಡಲಿಗಳೊಡನೆ, ಚಕ್ರದ ಸಹಾಯವಿಲ್ಲದೆ ಕೈಯಿಂದಲೇ ಮಾಡಿದ ಮಡಕೆಗಳ ಚೂರುಗಳು ದೊರೆತವು. ಹೀಗಿದ್ದರೂ ಕೂಟವೆಂದ ಕೂಡಲೇ ಪೇಟೆಯ ಮೈದಾಹಿಟ್ಟನ್ನೂ ಸಕ್ಕರೆಯನ್ನೂ ತರಿಸುವುದು ರೂಢಿಯಾಗಿದೆ. ವಿಶ್ವಸಂಸ್ಥೆಯು 2023ನೆಯ ವರುಷವನ್ನು ಸಿರಿಧಾನ್ಯಗಳ ವರುಷವೆಂದು ಸಾರಿದ ಮೇಲೂ, ನವಣೆಯ ಅನ್ನವನ್ನು ಬಡತನದ ಗುರುತೆಂದು ಮರೆಮಾಡುವ ಮಕ್ಕಳು ಇಲ್ಲದಿಲ್ಲ. ಈ ನಾಚಿಕೆಯನ್ನು ಹೋಗಲಾಡಿಸುವುದು ಕೂಟದ ಮೊದಲನೆಯ ಕೆಲಸ.

ಇದು ಕೇವಲ ಅಭಿಮಾನದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಮೆಟ್ಟಿಲೇರಿದರೆ ಏದುಸಿರು, ಪಾಠದ ವೇಳೆಯಲ್ಲಿ ತೂಕಡಿಕೆ, ಇವನ್ನು ಸೋಮಾರಿತನವೆಂದು ನಾವು ಎಷ್ಟು ಸಲ ಗದರಿಸಿಲ್ಲ! ವೈದ್ಯರು ಕೊಡುವ ಕಬ್ಬಿಣದ ಮಾತ್ರೆಗೆ ಬದಲಾಗಿ ಅಡಿಗೆ ನಿಲ್ಲಲಾರದು; ಆದರೆ ದಿನದಿನದ ತಟ್ಟೆಯೂ ಒಂದು ಔಷಧವೆಂಬುದನ್ನು ಮಕ್ಕಳು ತಿಳಿಯಬೇಕು.

ಕೂಟದ ಕ್ರಮ ಹೀಗಿರಲಿ. ವಾರಕ್ಕೊಂದು ಸಂಜೆ, ಒಂದೂವರೆ ಗಂಟೆ. ಒಬ್ಬ ಉಪಾಧ್ಯಾಯಿನಿಗೆ ಹನ್ನೆರಡು ಮಕ್ಕಳಿಗಿಂತ ಹೆಚ್ಚಿರಬಾರದು. ಚಿಕ್ಕವರಿಗೆ ಆರಿಸುವ, ತೊಳೆಯುವ, ಅಳೆಯುವ ಕೆಲಸ. ಬೆಂಕಿಯ ಬಳಿಗೆ ದೊಡ್ಡವರು ಮಾತ್ರ. ಹತ್ತಿಯ ಬಟ್ಟೆ ತೊಟ್ಟು, ಜಡೆ ಕಟ್ಟಿ, ಸೆರಗನ್ನು ಬಿಗಿದುಕೊಳ್ಳತಕ್ಕದ್ದು. ಕೈ ಸುಟ್ಟರೆ ಶಾಯಿಯನ್ನಾಗಲಿ ಅರಿಶಿನವನ್ನಾಗಲಿ ಹಚ್ಚದೆ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿದು, ಗಾಯ ದೊಡ್ಡದಾದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಶೇಂಗಾ ತಿಂದರೆ ಮೈ ಊದಿಕೊಳ್ಳುವ ಮಕ್ಕಳುಂಟೇ ಎಂದು ಮೊದಲೇ ಮನೆಯವರನ್ನು ವಿಚಾರಿಸುವುದು ಅವಶ್ಯ.

ಮೊದಲನೆಯ ಪಾಠ ಹುರುಳಿಯದು. ಕಲ್ಲು ಆರಿಸಿ, ರಾತ್ರಿಯೆಲ್ಲಾ ನೆನೆಯಿಸಿ, ನೀರು ಬಸಿದು, ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಮೊಳಕೆಯೊಡೆಯುವುದು. ಏಕೆ ಮೊಳಕೆ? ಕಾಳಿನಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸುಲಭವಾಗಿ ದೊರೆಯಗೊಡದ ಒಂದು ಆಮ್ಲವುಂಟು; ಮೊಳೆಯುವಾಗ ಅದು ಕಡಿಮೆಯಾಗುವುದು. ಈ ಕಾಳಿನ ಸಾರಿಗೆ ಉಣ್ಣುವಾಗ ನಿಂಬೆಯ ರಸವನ್ನು ಹಿಂಡಿದರೆ ಕಬ್ಬಿಣವು ಇನ್ನಷ್ಟು ಚೆನ್ನಾಗಿ ಮೈಗೂಡುವುದು. ಊಟದೊಡನೆ ಚಹಾ ಕುಡಿದರೆ ಇದಕ್ಕೆ ವಿರುದ್ಧವಾದ ಫಲ.

ಎರಡನೆಯದು ರಾಗಿಯ ಮುದ್ದೆ. ಎರಡು ಪಾವು ನೀರನ್ನು ಕುದಿಯಲಿಟ್ಟು, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಹೊಯ್ಯಬೇಕು. ಮರಳಿದ ಮೇಲೆ ಒಂದು ಪಾವು ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಗೊಟ್ಟು, ತರುವಾಯ ಕೋಲಿನಿಂದ ಗಂಟಿಲ್ಲದಂತೆ ತಿರುವಬೇಕು. ಆಗ ಪಾತ್ರೆಯನ್ನು ಉಪಾಧ್ಯಾಯಿನಿಯೇ ಹಿಡಿಯಲಿ. ಗೋಧಿಯಲ್ಲಿರುವ ಅಂಟು ರಾಗಿಯಲ್ಲಿಲ್ಲ. ಬಿಸಿನೀರಿನಲ್ಲಿ ಪಿಷ್ಟವು ಉಬ್ಬಿದಾಗಲೇ ಈ ಹಿಟ್ಟು ಒಂದುಗೂಡುವುದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಸತ್ತ್ವವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಬೆಳೆಯುವ ಎಲುಬಿಗೆ ಯಾವುದು ಹಿತವೆಂದು ಮಕ್ಕಳೇ ಲೆಕ್ಕ ಹಾಕಲಿ.

ಮೂರನೆಯದು ಶೇಂಗಾ ಚಟ್ನಿಪುಡಿ. ಚಳ್ಳಕೆರೆಯ ಎಣ್ಣೆಯ ಗಿರಣಿಗಳ ಹೆಸರು ದೂರದೂರಕ್ಕೆ ಹಬ್ಬಿದ್ದರೂ, ಕಾಳನ್ನು ಆರಿಸುವ ವಿದ್ಯೆ ಎಲ್ಲರಿಗೂ ತಿಳಿಯದು. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳುಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತನ್ನು ಕೆಡಿಸುವುದು, ಹುರಿದರೂ ಪೂರಾ ನಾಶವಾಗದು. ಆದುದರಿಂದ “ಹುರಿದರೆ ಸರಿಹೋಗುತ್ತದೆ” ಎಂದು ಕೆಟ್ಟ ಕಾಳನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ.

ಇನ್ನು ಕಡೆಯ ಪಾಠವೊಂದುಂಟು. ಅದಕ್ಕೆ ಅಳತೆಯೂ ಇಲ್ಲ, ಉರಿಯೂ ಬೇಡ. ಮಾಡಿದ ಅಡಿಗೆಯನ್ನು ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು. ನೀರು ತರುವವಳು, ಹಿಟ್ಟು ತಿರುವುವವಳು, ಬಡಿಸುವವಳು, ಪಾತ್ರೆ ಬೆಳಗುವವಳು ವಾರವಾರಕ್ಕೆ ಬದಲಾಗತಕ್ಕದ್ದು. ಇವಳು ಮುಟ್ಟಿದ್ದನ್ನು ಉಣ್ಣಬಹುದು, ಅವಳು ಮುಟ್ಟಿದ್ದನ್ನು ಉಣ್ಣಕೂಡದು ಎಂಬ ಮಾತು ಮನೆಯಿಂದ ಬಂದೀತು. ಅದಕ್ಕೆ ಬಿರುನುಡಿಯಿಂದ ಉತ್ತರ ಕೊಡುವುದಕ್ಕಿಂತ, ಉಪಾಧ್ಯಾಯಿನಿಯು ತಾನೇ ಆ ಹುಡುಗಿಯ ಕೈಯಿಂದ ಮೊದಲ ತುತ್ತನ್ನು ಬಡಿಸಿಕೊಂಡು ಉಣ್ಣುವುದು ಮೇಲು. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಾಕ್ಯ, ಗುರುಗೌರವ, ಇವುಗಳನ್ನು ವಿಧಿಸಿದ್ದಾನೆ. ಶಿಷ್ಯರ ಗೌರವವನ್ನು ಬಯಸುವ ಗುರುವು ಅದಕ್ಕೆ ಅರ್ಹಳಾಗುವುದು ಇಂತಹ ಗಳಿಗೆಯಲ್ಲಿಯೇ.

ವಿದ್ಯಾರ್ಥಿನಿಯರೇ, ಕೂಟದಲ್ಲಿ ಕಲಿತುದನ್ನು ವಾರದೊಳಗೆ ಒಂದು ಸಲ ಮನೆಯಲ್ಲಿ ಮಾಡಿರಿ; ಅಣ್ಣತಮ್ಮಂದಿರ ಕೈಯಲ್ಲಿ ಕಾಳು ಆರಿಸಿರಿ. ಅಜ್ಜಿಯು ಮಾಡುತ್ತಿದ್ದ ನವಣೆಯ, ಸಾವೆಯ ಅಡಿಗೆಗಳನ್ನು ಕೇಳಿ ಬರೆದುಕೊಂಡು ಬನ್ನಿರಿ. ನಮ್ಮ ಮುಂದಿನ ಪಾಠಗಳು ಆ ಪುಸ್ತಕದಿಂದಲೇ ಹುಟ್ಟಲಿ.