ಸೀಳುತುಟಿಯ ಕಂದನ ಹಲ್ಲು

ಆಲೂರು, ಆದವಾನಿ ಸೀಮೆಯ ತಾಯ್ತಂದೆಗಳಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಸೀಳುತುಟಿಯ ಶಿಶುವನ್ನು ಕಂಡೊಡನೆ, ಬಸುರಿಯಾಗಿದ್ದಾಗ ಗ್ರಹಣವನ್ನು ನೋಡಿದುದರ ಫಲವಿದೆಂದು ಹೆತ್ತವಳನ್ನು ನಿಂದಿಸುವ ರೂಢಿಯನ್ನು ದಯಮಾಡಿ ಬಿಡಿರಿ. ಗರ್ಭದ ಮೊದಲ ತಿಂಗಳುಗಳಲ್ಲಿ ಮುಖದ ಭಾಗಗಳು ಪರಸ್ಪರ ಕೂಡಿಕೊಳ್ಳದೆ ಉಳಿದುದರಿಂದ ಆಗುವ ಈ ಸೀಳಿಗೂ ಸೂರ್ಯಚಂದ್ರರಿಗೂ ಯಾವ ಸಂಬಂಧವೂ ಇಲ್ಲ.

ಬಳ್ಳಾರಿಯ ಮಾರ್ಗವಾಗಿ ತಲುಪಬಹುದಾದ ಧಾರವಾಡದ ಎಸ್.ಡಿ.ಎಂ. ದಂತವೈದ್ಯಕೀಯ ಮಹಾವಿದ್ಯಾಲಯದಂತಹ ಸಂಸ್ಥೆಗಳಲ್ಲಿ ತುಟಿಯನ್ನೂ ಅಂಗುಳನ್ನೂ ಹೊಲಿದು ಸರಿಪಡಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಈ ದೋಷವನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿರುವುದರಿಂದ ಅಂಗನವಾಡಿಯಲ್ಲಿ ವಿಚಾರಿಸಿರಿ. ಆದರೆ ಶಸ್ತ್ರಚಿಕಿತ್ಸೆಯೊಡನೆ ಕರ್ತವ್ಯ ತೀರಿತೆಂದು ಭಾವಿಸುವುದು ನನಗೆ ಅತ್ಯಂತ ಕಳವಳವನ್ನುಂಟುಮಾಡುವ ಸಂಗತಿ. ಸೀಳಿನ ಬದಿಯ ಹಲ್ಲುಗಳು ಎಷ್ಟೋ ವೇಳೆ ವಕ್ರವಾಗಿ, ಒತ್ತೊತ್ತಾಗಿ, ದುರ್ಬಲವಾದ ಹೊರಪದರದೊಡನೆ ಮೂಡುತ್ತವೆ; ಹೊಲಿಗೆಯ ಕಲೆಯಿಂದ ಮೇಲ್ದುಟಿಯು ಬಿಗಿದಿರುವುದರಿಂದ ಬ್ರಷ್ಷು ಅಲ್ಲಿಗೆ ಸುಲಭವಾಗಿ ತಲುಪದು; ನೋವಾದೀತೆಂಬ ಮಮತೆಯಿಂದ ತಾಯಿಯೂ ಅಲ್ಲಿ ಕೈಯಿಡಳು. ಹುಳುಕು ಹಿಡಿಯುವುದು ಅಲ್ಲಿಯೇ.

ಆದುದರಿಂದ ಗಾಯ ಮಾಗಿತೆಂದು ವೈದ್ಯರು ಹೇಳಿದ ಬಳಿಕ, ತುಟಿಯನ್ನು ಬೆರಳಿನಿಂದ ಮೆಲ್ಲನೆ ಎತ್ತಿ, ಪುಟ್ಟದಾದ ಮೃದು ಬ್ರಷ್ಷಿಗೆ ಅಕ್ಕಿಕಾಳಿನಷ್ಟೇ ಫ್ಲೋರೈಡ್ ಪೇಸ್ಟು ಹಚ್ಚಿ, ಎಳೆಯ ಹಲ್ಲುಗಳನ್ನು ದಿನಕ್ಕೆರಡು ಬಾರಿ ಉಜ್ಜಿರಿ. ಸಕ್ಕರೆ ಬೆರೆಸಿದ ಹಾಲಿನ ಸೀಸೆಯನ್ನು ಬಾಯಲ್ಲಿಟ್ಟು ಮಲಗಿಸಬೇಡಿರಿ. ವಸಡಿನ ಸೀಳಿಗೆ ಎಲುಬನ್ನು ಕಸಿಮಾಡುವುದು ಸಾಮಾನ್ಯವಾಗಿ 8ರಿಂದ 11ರ ವಯಸ್ಸಿನಲ್ಲಿ, ಕೋರೆಹಲ್ಲು ಇಳಿಯುವ ಮುನ್ನ. ಆಗ ಬಾಯಿ ಶುಚಿಯಾಗಿರದಿದ್ದರೆ ಕಸಿಯು ಸೋಂಕಿಗೆ ಈಡಾಗಬಹುದಾದುದರಿಂದ, ಹಾಲುಹಲ್ಲು ಹೇಗೂ ಬೀಳುವುದೆಂದು ಉಪೇಕ್ಷಿಸದೆ, ವರ್ಷಕ್ಕೆ ಎರಡು ಸಲವಾದರೂ ದಂತವೈದ್ಯರಿಗೆ ತೋರಿಸಿರಿ.