ನಾರುಹುಣ್ಣು ಹೋದ ಬಗೆ



ರಾಯಚೂರು, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆಸಿದ ನಮ್ಮ ಹಿರಿಯರನ್ನು ‘ನಾರುಹುಣ್ಣು’ ಎಂದರೇನೆಂದು ಕೇಳಿ ನೋಡಿ. ಕೆಲವರಾದರೂ ತಮ್ಮ ಕಾಲಿನ ಕಡೆಗೆ ಕೈ ತೋರಿಸಿಯಾರು. ಅದೇ ಪ್ರಶ್ನೆಯನ್ನು ಇಪ್ಪತ್ತೈದು ವರ್ಷದ ತರುಣನಿಗೆ ಕೇಳಿದರೆ ಅವನಿಗೆ ಬಹುಶಃ ಆ ಹೆಸರೇ ತಿಳಿಯದು. ತಂದೆಯನ್ನು ಕಾಡಿದ ರೋಗದ ಹೆಸರು ಮಗನಿಗೆ ತಿಳಿಯದಂತಾಗುವುದು ಸಣ್ಣ ಸಂಗತಿಯಲ್ಲ.

ಈ ರೋಗಕ್ಕೆ ಲಸಿಕೆ ಇಲ್ಲ; ಗುಣಪಡಿಸುವ ಔಷಧವೂ ಇಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಹೀಗಿದ್ದರೂ ಅದು ಭಾರತದಿಂದ ಸಂಪೂರ್ಣವಾಗಿ ಹೋಯಿತು. ಅದನ್ನು ಹೊರಗೆ ಹಾಕಿದ್ದು ಒಂದು ತುಂಡು ಬಟ್ಟೆ, ಬಾವಿಗೆ ಕಟ್ಟಿದ ಕಟ್ಟೆ, ಕೈಪಂಪು, ಮತ್ತು ಇವನ್ನೆಲ್ಲ ಜನರು ಒಪ್ಪಿ ಬಳಸುವಂತೆ ಮಾಡಿದ ಮಾತು. ಒಳ್ಳೆಯ ಮಾತಿನಿಂದ ಊರಿನ ರೂಢಿ ಬದಲಾಗುತ್ತದೆಯೇ, ಆಗುವುದಾದರೆ ಯಾವ ಬಗೆಯ ಮಾತಿನಿಂದ, ಎಂಬುದೇ ಈ ಪಾಠದ ವಿಷಯ.

ರೋಗದ ಸ್ವರೂಪ

ನಾರುಹುಣ್ಣಿಗೆ ಕಾರಣ ದಾರದಂಥ ಒಂದು ಹುಳು. ಇಂಗ್ಲಿಷಿನಲ್ಲಿ ಇದನ್ನು ಗಿನಿ ವರ್ಮ್ ಎನ್ನುತ್ತಾರೆ. ಕೆರೆ, ಮೆಟ್ಟಿಲು ಬಾವಿ ಮೊದಲಾದ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿ ಇರುತ್ತದೆ. ಅದನ್ನು ಸಿಗಡಿಯ ದೂರದ ನೆಂಟ ಎನ್ನಬಹುದು. ನಾರುಹುಳುವಿನ ಮರಿಗಳು ಈ ಜೀವಿಯ ಹೊಟ್ಟೆ ಸೇರಿ ಸುಮಾರು ಎರಡು ವಾರ ಬೆಳೆಯುತ್ತವೆ. ಆ ನೀರನ್ನು ಸೋಸದೆ ಕುಡಿದರೆ ಸೈಕ್ಲಾಪ್ಸ್ ನಮ್ಮ ಜಠರದಲ್ಲಿ ಸಾಯುತ್ತದೆ. ಮರಿಹುಳು ಮಾತ್ರ ಪಾರಾಗಿ ಮೈಯೊಳಗೆ ಸೇರಿಕೊಳ್ಳುತ್ತದೆ. ಹೆಣ್ಣು ಹುಳು ಸದ್ದಿಲ್ಲದೆ ಬೆಳೆದು, ಸುಮಾರು ಒಂದು ವರ್ಷದ ಮೇಲೆ, ಎರಡು ಮೂರು ಅಡಿ ಉದ್ದವಾಗಿ, ಹೆಚ್ಚಾಗಿ ಮೊಣಕಾಲಿನ ಕೆಳಗೆ ಬೊಕ್ಕೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ.

ಆ ಬೊಕ್ಕೆಯ ಉರಿ ತಾಳಲಾರದೆ ರೋಗಿ ಕಾಲನ್ನು ತಣ್ಣೀರಿನಲ್ಲಿಡುತ್ತಾನೆ. ನೀರು ತಗುಲಿದೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ಹೊರಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ನುಂಗುತ್ತದೆ, ಆ ನೀರನ್ನು ಊರು ಕುಡಿಯುತ್ತದೆ. ಹೀಗೆ ಈ ಚಕ್ರ ವರ್ಷ ವರ್ಷವೂ ತಿರುಗುತ್ತಿತ್ತು.

ಹೊರಬಂದ ಹುಳುವನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ನಡುವೆ ಹರಿದರೆ ಕಾಲು ಬಾತು ಕೀವಾಗುತ್ತದೆ. ಇದರಿಂದ ಸಾಯುವವರು ಅಪರೂಪ. ಆದರೆ ಹೊಲದ ಕೆಲಸದ ಕಾಲದಲ್ಲಿ ದುಡಿಯುವ ಕೈ ಮನೆಯಲ್ಲಿ ಮಲಗಿದರೆ ಆ ವರ್ಷದ ಅನ್ನಕ್ಕೇ ಕೊರತೆ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇರಲಿಲ್ಲ.

ತಿಳಿದಿದ್ದರೂ ಹೋಗಲಿಲ್ಲ

ನೀರಿನ ಸೈಕ್ಲಾಪ್ಸ್‌ಗೂ ಈ ಹುಳುವಿಗೂ ಇರುವ ಸಂಬಂಧವನ್ನು ರಷ್ಯದ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ 1870ರಲ್ಲಿಯೇ ಕಂಡುಹಿಡಿದನು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ. ಎಂದರೆ ಕಾರಣ ತಿಳಿದ ಮೇಲೂ 126 ವರ್ಷ ಈ ರೋಗ ನಮ್ಮಲ್ಲಿ ಉಳಿದಿತ್ತು. ನಮ್ಮ ಹೈದರಾಬಾದಿನದೇ ಇನ್ನೊಂದು ನಿದರ್ಶನವಿದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಇದೇ ಊರಿನ ಬೇಗಂಪೇಟೆಯಲ್ಲಿ. ಆದರೂ ಮುಚ್ಚದ ತೊಟ್ಟಿಗಳಲ್ಲಿ ಸೊಳ್ಳೆ ಇಂದಿಗೂ ಹುಟ್ಟುತ್ತಲೇ ಇದೆ. ಪಂಡಿತನೊಬ್ಬನಿಗೆ ತಿಳಿಯುವುದು ಬೇರೆ, ಊರಿನ ನಡೆಯಲ್ಲಿ ಅದು ಸೇರುವುದು ಬೇರೆ.

ನಾರುಹುಣ್ಣಿನ ವಿಷಯದಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಅಡ್ಡಿಗಳಿದ್ದವು.

ಮೊದಲನೆಯದು, ಕಾಲದ ಅಂತರ. ಇಂದು ಕುಡಿದ ನೀರಿನ ಫಲ ಮುಂದಿನ ವರ್ಷ ಕಾಣುತ್ತದೆ. ಬೆಂಕಿ ಮುಟ್ಟಿದರೆ ಕೈ ಸುಡುವುದನ್ನು ಮಗುವೂ ಕಲಿಯುತ್ತದೆ. ಕೈ ಸುಡುವುದು ಒಂದು ವರ್ಷದ ಮೇಲಾದರೆ ದೊಡ್ಡವರೂ ಕಲಿಯಲಾರರು. ಆದುದರಿಂದ ಕೆಟ್ಟ ರಕ್ತವೆಂದೋ, ದೈವದ ಮುನಿಸೆಂದೋ ಜನ ಭಾವಿಸಿದರೆ ಅದು ದಡ್ಡತನವಲ್ಲ. ಕಣ್ಣಿಗೆ ಕಂಡಷ್ಟರಿಂದ ಹೊರಟ ಊಹೆ.

ಎರಡನೆಯದು, ಬಾವಿಯ ರೂಢಿ. ಮೆಟ್ಟಿಲು ಬಾವಿಯಲ್ಲಿ ಇಳಿದು, ನೀರಿನಲ್ಲಿ ಕಾಲಿಟ್ಟು, ಕೊಡ ಮುಳುಗಿಸಿ ತರುವುದೇ ತಲೆತಲಾಂತರದ ಪದ್ಧತಿ. ‘ನೀರಿಗೆ ಇಳಿಯಬೇಡಿ’ ಎಂದು ಹೇಳುವುದು ಸುಲಭ. ‘ಹಾಗಾದರೆ ನೀರು ತರುವುದು ಹೇಗೆ?’ ಎಂದು ತಾಯಿಯೊಬ್ಬಳು ಕೇಳಿದರೆ ಉತ್ತರ ಬೇಕಲ್ಲ!

ಮೂರನೆಯದು, ಹೇಳುವವರ ಧಾಟಿ. ಪಟ್ಟಣದಿಂದ ಬಂದವರು ‘ನೀವು ಕೊಳಕು ನೀರು ಕುಡಿಯುತ್ತೀರಿ’ ಎಂದರೆ ಕೇಳಿದವರ ಮುಖ ಬಾಡುತ್ತದೆ, ಕಿವಿ ಮುಚ್ಚುತ್ತದೆ. ಆ ನೀರೇ ಅವರ ಬದುಕು.

ಕೆಲಸ ನಡೆದ ರೀತಿ

ಭಾರತ ಸರ್ಕಾರ 1983-84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಇದರ ಹೊಣೆ ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯದು. 1984ರ ಎಣಿಕೆಯಂತೆ ಏಳು ರಾಜ್ಯಗಳಲ್ಲಿ, 12,800ಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಸುಮಾರು 40,000 ರೋಗಿಗಳಿದ್ದರು. ಕರ್ನಾಟಕವೂ ಆಂಧ್ರವೂ ಆ ಏಳರಲ್ಲಿ ಸೇರಿದ್ದವು.

ಮೊದಲ ಕೆಲಸ ಲೆಕ್ಕ. ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲಿ ಕುಳಿತು ಕಾಯಲಿಲ್ಲ. ವರ್ಷದಲ್ಲಿ ಹಲವು ಬಾರಿ ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿದರು. ಖಾತೆ ಸರಿಯಿಲ್ಲದೆ ಅಂಗಡಿ ನಡೆಯದು, ಹಾಗೆಯೇ ಎಷ್ಟು ಮನೆಗಳಲ್ಲಿ ರೋಗವಿದೆ ಎಂದು ತಿಳಿಯದೆ ರೋಗ ತೊಲಗದು. ರೋಗ ಕಡಿಮೆಯಾಗುತ್ತ ಬಂದಾಗ ಹೊಸ ರೋಗಿಯ ಸುದ್ದಿ ತಂದವರಿಗೆ ಬಹುಮಾನವನ್ನೂ ಇಟ್ಟರು. ಮುಚ್ಚಿಡುತ್ತಿದ್ದ ಸಂಗತಿ ಇದರಿಂದ ತಾನಾಗಿ ಹೊರಗೆ ಬಂದಿತು.

ಎರಡನೆಯದು ಬಟ್ಟೆ. ಒತ್ತಾಗಿ ನೇಯ್ದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲಿ ಉಳಿಯುತ್ತದೆ. ಇದನ್ನು ಮನಗಾಣಿಸುವ ಬಗೆ ಬಲು ಸರಳ. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ತೋರಿಸಿದರೆ ಚುಕ್ಕಿಯಂಥ ಜೀವಿಗಳು ಪುಟಪುಟನೆ ಜಿಗಿಯುವುದು ಕಾಣುತ್ತದೆ. ಅದೇ ನೀರನ್ನು ಸೋಸಿ ತೋರಿಸಿದರೆ ಚುಕ್ಕಿಗಳಿಲ್ಲ. ಭಾಷಣವೇ ಬೇಡ. ಒಂದು ವರ್ಷದ ಅಂತರವನ್ನು ಆ ಲೋಟ ಒಂದು ನಿಮಿಷಕ್ಕೆ ಇಳಿಸಿತು.

ಮೂರನೆಯದು ನೀರಿನ ಏರ್ಪಾಟು. ಮೆಟ್ಟಿಲು ಬಾವಿಗಳನ್ನು ಹಗ್ಗದಿಂದ ಸೇದುವ ಬಾವಿಗಳಾಗಿ ಮಾಡಿದರು. ಕೊಳವೆ ಬಾವಿ ತೋಡಿ ಕೈಪಂಪು ಹಾಕಿದರು. ಉಳಿದ ಕಡೆ ಸೈಕ್ಲಾಪ್ಸನ್ನು ಕೊಲ್ಲುವ ಟೆಮಿಫಾಸ್ ಎಂಬ ಔಷಧವನ್ನು ಅಳತೆಯಂತೆ ನೀರಿಗೆ ಬೆರೆಸಿದರು. ತಾಯಿಯ ಪ್ರಶ್ನೆಗೆ ಇದೇ ಉತ್ತರ. ಬರಿಯ ಮಾತಿನಿಂದಲೇ ಎಲ್ಲವೂ ಆಯಿತೆಂದು ಹೇಳಿದರೆ ಅದು ಸುಳ್ಳಾದೀತು.

ಭಾರತದ ಕಟ್ಟಕಡೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆ ಮೇಲೆಯೂ ಹುಡುಕಾಟ ನಿಲ್ಲಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಹೊರದೇಶಗಳಲ್ಲಿಯೂ ಇದೇ ಹಾದಿ ನಡೆಯಿತು. 1986ರಲ್ಲಿ ಲೋಕದಲ್ಲಿ ಸುಮಾರು 35 ಲಕ್ಷ ರೋಗಿಗಳಿದ್ದರೆಂದು ಅಂದಾಜು. 2024ರಲ್ಲಿ ಉಳಿದವರು 15 ಮಂದಿ. ಆಫ್ರಿಕದಲ್ಲಿ ಅಲೆಮಾರಿ ಜನ ಕೊಡಕ್ಕೆ ಬಟ್ಟೆ ಕಟ್ಟಿ ಕೂರಲಾರರೆಂದು ತಿಳಿದು, ಕೊರಳಿಗೆ ತೂಗುಹಾಕಿಕೊಳ್ಳುವ ಸೋಸುಕೊಳವೆಯನ್ನು ಅವರಿಗೆ ಮಾಡಿಕೊಟ್ಟರು. 1995ರಲ್ಲಿ ಸೂಡಾನಿನ ಅಂತರ್ಯುದ್ಧದ ನಡುವೆ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಾತನಾಡಿ ಎರಡೂ ಕಡೆಯವರನ್ನು ಒಪ್ಪಿಸಿ ಕೆಲವು ತಿಂಗಳು ಗುಂಡಿನ ಸದ್ದು ನಿಲ್ಲುವಂತೆ ಮಾಡಿದರು. ಆ ಬಿಡುವಿನಲ್ಲಿ ಕಾರ್ಯಕರ್ತರು ಸೋಸುಬಟ್ಟೆಗಳನ್ನು ಹಂಚಿದರು.

ಹೇಳುವ ಮೊದಲು ಕೇಳಬೇಕು

ಇಷ್ಟರಿಂದ ಜನರಿಗೆ ತಿಳಿವಳಿಕೆ ಇಲ್ಲ, ನಾವು ಹೇಳಿದರೆ ಸಾಕು ಎಂಬ ಭಾವನೆ ಯಾರಿಗೂ ಬರಬಾರದು. ಅದಕ್ಕೆ ಮದ್ದಾಗಿ ಕರ್ನಾಟಕದ್ದೇ ಒಂದು ಅಧ್ಯಯನವಿದೆ. ಇದು ಕ್ಷಯರೋಗಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಬ್ಯಾನರ್ಜಿ, ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳನ್ನು ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂದು ತಿಳಿದಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಕಫ ಪರೀಕ್ಷೆಯಾಗದೆ ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂತಿರುಗಿದ್ದರು. ಉಪದೇಶ ಬೇಕಾಗಿದ್ದದ್ದು ಹಳ್ಳಿಗಲ್ಲ, ಆಸ್ಪತ್ರೆಗೆ! ಮೊದಲು ಕೇಳಿಸಿಕೊಂಡಿದ್ದರಿಂದ ಈ ಸತ್ಯ ತಿಳಿಯಿತು.

ನಮ್ಮ ಕೋಣೆಗಳ ಮಾತು

ಕ್ಷಯವೆಂದೊಡನೆ ನಮಗೂ ಆ ಮಾತು ತಟ್ಟುತ್ತದೆ. ನಮ್ಮಲ್ಲಿ ಅನೇಕರು ಒಂದು ಕೋಣೆಯಲ್ಲಿ ನಾಲ್ಕಾರು ಜನ ಇರುವವರು. ಒಬ್ಬನಿಗೆ ಕೆಮ್ಮು ವಾರಗಟ್ಟಲೆ ಬಿಡದು. ಅವನು ಬಾಯಿಗೆ ಬಟ್ಟೆ ಒತ್ತಿ ಕೆಮ್ಮುತ್ತಾನೆ, ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕೋಣೆ ಹೋದೀತು, ಕೆಲಸ ಹೋದೀತು, ಊರಿನಲ್ಲಿ ತಂಗಿಯ ಮದುವೆ ನಿಂತೀತು ಎಂಬ ಭಯ. ಇದು ಅವನೊಬ್ಬನ ದೋಷವಲ್ಲ. ಕೆಮ್ಮುವವನನ್ನು ಹೊರಗೆ ಹಾಕುವುದು ನಮ್ಮೆಲ್ಲರ ರೂಢಿಯಾಗಿರುವುದರಿಂದ ಮುಚ್ಚಿಡುವುದು ಅವನ ರೂಢಿಯಾಗಿದೆ. ಮೊದಲನೆಯದು ಬದಲಾಗದೆ ಎರಡನೆಯದು ಬದಲಾಗದು.

ನಾರುಹುಣ್ಣಿನ ಪಾಠವನ್ನು ಇಲ್ಲಿಗೆ ಅನ್ವಯಿಸೋಣ.

ಒಂದು: ಬೈಯಬಾರದು, ಕೇಳಬೇಕು. ‘ನಿನಗೆ ಟಿ.ಬಿ. ಇರಬೇಕು’ ಎನ್ನುವ ಬದಲು ‘ಎಷ್ಟು ದಿನದಿಂದ ಕೆಮ್ಮು? ರಾತ್ರಿ ಬೆವರುವುದುಂಟೆ? ಊಟ ಸೇರುತ್ತದೆಯೇ?’ ಎಂದು ಕೇಳುವುದು.

ಎರಡು: ಇಂದೇ ಮಾಡಬಹುದಾದ ಒಂದು ಕೆಲಸವನ್ನು ಹೇಳುವುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಮೊದಲು ವಿಚಾರಿಸಲು ಹೈದರಾಬಾದಿನ ಬಡಾವಣೆಗಳಲ್ಲಿ ಬಸ್ತಿ ದವಾಖಾನೆಗಳಿವೆ. ‘ನಾಳೆ ಬೆಳಿಗ್ಗೆ ನಾನೂ ಬರುತ್ತೇನೆ’ ಎಂಬ ಮಾತು ಹತ್ತು ಭಿತ್ತಿಪತ್ರಗಳಿಗಿಂತ ಹೆಚ್ಚು.

ಮೂರು: ದಾರಿಯ ಅಡ್ಡಿಯನ್ನು ತೆಗೆಯುವುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಲ್ಲಿ ಮೈ ಹಗುರವಾಗಿ, ಗುಣವಾಯಿತೆಂದು ಗುಳಿಗೆ ಬಿಡುವವರುಂಟು. ಹಾಗೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯಬಹುದು. ಊರಿಗೆ ಹೋಗಬೇಕಾಗಿ ಬಂದರೆ ಇಲ್ಲಿನ ಚಿಕಿತ್ಸೆಯನ್ನು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ವರ್ಗ ಮಾಡಿಸಿಕೊಳ್ಳಬಹುದು. ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರ್ಕಾರ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ರೂಪಾಯಿಯಾಗಿದೆ. ಅರ್ಜಿ, ಬ್ಯಾಂಕಿನ ಖಾತೆ ಮೊದಲಾದ ಬರವಣಿಗೆಯ ಕೆಲಸದಲ್ಲಿ ಗುಮಾಸ್ತರಾದ ನಾವು ಕೂಲಿ ಬಂಧುಗಳಿಗೆ ನೆರವಾಗಬೇಕು. ನಮಗೆ ಬರುವ ವಿದ್ಯೆ ಅದೇ ತಾನೆ?

ನಾಲ್ಕು: ಕೋಣೆಯ ಉಳಿದವರಿಗೂ ನಿಜವನ್ನು ತಿಳಿಸುವುದು. ತಟ್ಟೆ ಲೋಟಗಳಿಂದ ಕ್ಷಯ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಆದುದರಿಂದ ತಟ್ಟೆ ಬೇರೆ ಇಡುವುದಕ್ಕಿಂತ ಕಿಟಕಿ ತೆರೆಯುವುದು ಮೇಲು. ಕೆಮ್ಮುವಾಗ ಬಾಯಿ ಮುಚ್ಚಬೇಕು. ಸರಿಯಾದ ಔಷಧ ಆರಂಭವಾದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಬಹಳ ತಗ್ಗುತ್ತದೆ. ಮದರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನವು, ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡ ರೋಗಿಗಳಿಂದ ಮನೆಯವರಿಗೆ, ಆಸ್ಪತ್ರೆಯಲ್ಲಿದ್ದವರ ಮನೆಯವರಿಗಿಂತ ಹೆಚ್ಚಿನ ಅಪಾಯವಾಗಲಿಲ್ಲ ಎಂದು ತೋರಿಸಿಕೊಟ್ಟಿತು. ಎಂದ ಮೇಲೆ ನಿಜವಾದ ಅಪಾಯ ಔಷಧ ನುಂಗುತ್ತಿರುವವನಿಂದಲ್ಲ, ಹೆದರಿ ಮುಚ್ಚಿಡುತ್ತಿರುವವನಿಂದ. ಅವನನ್ನು ಹೆದರಿಸುವವರು ನಾವು.

ನಾರುಹುಣ್ಣಿನವನಿಗೆ ‘ನೀನು ಬಾವಿ ಕೆಡಿಸಿದೆ’ ಎಂದಿದ್ದರೆ ಅವನು ಕಾಲನ್ನು ಪಂಚೆಯಲ್ಲಿ ಮುಚ್ಚಿಕೊಳ್ಳುತ್ತಿದ್ದನು. ‘ನೀನು ಕೂತಿರು, ನಿನ್ನ ಕೊಡವನ್ನು ನಾವು ತುಂಬಿ ತರುತ್ತೇವೆ’ ಎಂದರೆ ಬಾವಿಯೂ ಉಳಿಯಿತು, ಅವನ ಮಾನವೂ ಉಳಿಯಿತು. ಕೆಮ್ಮುವ ಗೆಳೆಯನಿಗೂ ನಾವು ಆಡಬೇಕಾದದ್ದು ಅಂಥ ಮಾತನ್ನೇ.

ವಿಚಾರಕ್ಕೆ ಪ್ರಶ್ನೆಗಳು

1. ಕಾರಣ ತಿಳಿದ ಮೇಲೂ ನಾರುಹುಣ್ಣು ಇಷ್ಟು ಕಾಲ ಉಳಿಯಲು ಕಾರಣಗಳೇನು?
2. ಗಾಜಿನ ಲೋಟದಂತೆ ಕಣ್ಣಿಗೆ ಕಾಣುವಂತೆ ತೋರಿಸಬಹುದಾದ ಆರೋಗ್ಯದ ಸಂಗತಿ ನಿಮ್ಮ ಕೋಣೆಯಲ್ಲಿ ಯಾವುದಿದೆ?
3. ತುಮಕೂರಿನ ಅಧ್ಯಯನದಲ್ಲಿ ತಪ್ಪಿದವರು ಯಾರು, ರೋಗಿಯೋ ಆಸ್ಪತ್ರೆಯೋ?
4. ನಿಮ್ಮ ಜೊತೆಯವರಲ್ಲಿ ಒಬ್ಬರಿಗೆ ಎರಡು ವಾರದಿಂದ ಕೆಮ್ಮು ಇದೆ. ನೀವು ಆಡುವ ಮೊದಲ ಮಾತು ಯಾವುದು? ಬರೆದು ನೋಡಿ.